ಶಾಲು ಬದಲಾಯಿತು, ಬೈಗುಳ ಊರಲ್ಲೇ ಉಳಿಯಿತು

ಕಲಬುರಗಿ ಲೋಕಸಭಾ ಕ್ಷೇತ್ರದಲ್ಲಿ 2009ರಲ್ಲಿ ಮಲ್ಲಿಕಾರ್ಜುನ ಖರ್ಗೆ ಅವರ ಎದುರು ನಿಂತವರು ಬಿಜೆಪಿಯ ರೇವು ನಾಯಕ ಬೆಳಮಗಿ. ಸೋತದ್ದು 13,404 ಮತಗಳಿಂದ. 2014ರಲ್ಲೂ ಅದೇ ಜೋಡಿ. ಆಗ ಅಂತರ 74 ಸಾವಿರ ದಾಟಿತು. 2019ರಲ್ಲಿ ಬಿಜೆಪಿಯ ಹುರಿಯಾಳು ಬದಲಾದರು. ಬಂದವರು ಡಾ. ಉಮೇಶ ಜಾಧವ. ಅದೇ ವರ್ಷ ಮಾರ್ಚ್ 4ರವರೆಗೆ ಅವರು ಚಿಂಚೋಳಿಯ ಕಾಂಗ್ರೆಸ್ ಶಾಸಕ. ಅಂದು ರಾಜೀನಾಮೆ ಕೊಟ್ಟರು, 6ನೇ ತಾರೀಖು ಕಲಬುರಗಿಯಲ್ಲಿ ನಡೆದ ಪ್ರಧಾನಿ ನರೇಂದ್ರ ಮೋದಿ ಅವರ ಸಮಾವೇಶದಲ್ಲಿ ಬಿಜೆಪಿ ಸೇರಿದರು. ಮೇ ತಿಂಗಳಲ್ಲಿ ಮತ ಎಣಿಕೆಯಾದಾಗ, 1972ರಿಂದ ಒಂದೂ ಚುನಾವಣೆ ಸೋಲದೆ ‘ಸೋಲಿಲ್ಲದ ಸರದಾರ’ ಎನಿಸಿಕೊಂಡಿದ್ದ ಖರ್ಗೆ 95,452 ಮತಗಳಿಂದ ಸೋತಿದ್ದರು. ಇತ್ತ ಎರಡು ಸಲ ಖರ್ಗೆ ಅವರ ವಿರುದ್ಧ ಊರೂರು ತಿರುಗಿದ್ದ ಬೆಳಮಗಿ, 2018ರಲ್ಲಿ ಬಿಜೆಪಿ ಟಿಕೆಟ್ ತಪ್ಪಿದಾಗ ಜೆಡಿಎಸ್‌ನಿಂದ ನಿಂತರು. 2023ರಲ್ಲಿ ಅವರು ಕಲಬುರಗಿ ಗ್ರಾಮೀಣ ಕ್ಷೇತ್ರದ ಕಾಂಗ್ರೆಸ್ ಅಭ್ಯರ್ಥಿ. ಆ ಹೊತ್ತಿಗೆ ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷರು ಇದೇ ಖರ್ಗೆ.

ಜಾಧವ, ಬೆಳಮಗಿ ಇಬ್ಬರೂ ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರಗಳಲ್ಲಿ ಬೆಳೆದವರು, ಇಬ್ಬರೂ ಬಂಜಾರ ಸಮುದಾಯದವರು. ಹತ್ತು ವರ್ಷದೊಳಗೆ ಒಬ್ಬರು ಆ ಕಡೆಯಿಂದ ಈ ಕಡೆಗೆ, ಇನ್ನೊಬ್ಬರು ಈ ಕಡೆಯಿಂದ ಆ ಕಡೆಗೆ. ಇವರಿಬ್ಬರನ್ನೇ ಗುರಿ ಮಾಡಿ ಬರೆಯುವುದು ನನ್ನ ಉದ್ದೇಶವಲ್ಲ. ನಮ್ಮ ಭಾಗದ ರಾಜಕೀಯದಲ್ಲಿ ಪಕ್ಷ ಬದಲಿಸದವರನ್ನು ಹುಡುಕುವುದೇ ಕಷ್ಟ. ನನ್ನನ್ನು ಕಾಡುವುದು ಬೇರೆ. ನಾಯಕರು ಪಕ್ಷ ಬದಲಿಸುವಾಗ, ಹಿಂದಿನ ಪಕ್ಷದಲ್ಲಿದ್ದಾಗ ಆಡಿದ ಮಾತುಗಳ ಗತಿ ಏನು? ಮೂರು ತಿಂಗಳ ಹಿಂದೆ ‘ಲೂಟಿಕೋರ’ ಎಂದಿದ್ದನ್ನು ಯಾರು ಹಿಂತೆಗೆದುಕೊಳ್ಳಬೇಕು? ಆ ಮಾತನ್ನು ನಂಬಿ ನೆರೆಮನೆಯವನ ಜೊತೆ ಜಗಳ ಆಡಿದ ಕಾರ್ಯಕರ್ತನಿಗೆ ಯಾರು ಉತ್ತರ ಕೊಡಬೇಕು?

ಈ ಪ್ರಶ್ನೆಗಳಿಗೆ ಉತ್ತರ ಬೇಕೆನ್ನುವವರು ಕಮಲಾಪುರಕ್ಕೆ ಹೋಗಿ ನೋಡಬೇಕು. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು, ಮಹಾಗಾಂವ್ ಕ್ರಾಸ್, ಕುರಿಕೋಟಾ ದಾಟಿ ಹೋದರೆ ಸಿಗುವ ಊರು. ಕೆಂಪು ಬಾಳೆಹಣ್ಣಿಗೆ ಹೆಸರಾದದ್ದು, ಆ ಹಣ್ಣಿಗೆ ಭೌಗೋಳಿಕ ಸೂಚಿಯ ಮನ್ನಣೆಯೂ ಇದೆ. ಸುತ್ತ ತೊಗರಿ ಹೊಲ, ಹೊಲದಾಚೆ ತಾಂಡಾಗಳು. 2008ರ ಕ್ಷೇತ್ರ ಮರುವಿಂಗಡಣೆಗೆ ಮೊದಲು ಕಮಲಾಪುರವೇ ಒಂದು ವಿಧಾನಸಭಾ ಕ್ಷೇತ್ರವಾಗಿತ್ತು, ಬೆಳಮಗಿ ಅಲ್ಲಿಂದ ಬಿಜೆಪಿ ಶಾಸಕರಾಗಿದ್ದವರು. ಮರುವಿಂಗಡಣೆಯಲ್ಲಿ ಕ್ಷೇತ್ರದ ಹೆಸರು ಅಳಿದು ಊರು ಕಲಬುರಗಿ ಗ್ರಾಮೀಣಕ್ಕೆ ಸೇರಿತು. 2008ರಲ್ಲಿ ಅಲ್ಲಿಂದಲೂ ಗೆದ್ದ ಬೆಳಮಗಿ ಯಡಿಯೂರಪ್ಪ ಸರ್ಕಾರದಲ್ಲಿ ಸಚಿವರಾದರು. ಅಂದರೆ ಈ ಸೀಮೆಯಲ್ಲಿ ಕಮಲದ ಗುರುತನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಅವರೂ ಒಬ್ಬರು. 2018ರಲ್ಲಿ ಅದೇ ಮನೆಗಳಿಗೆ ಹೋಗಿ, ಈ ಸಲ ತೆನೆ ಹೊತ್ತ ಮಹಿಳೆಗೆ ಹಾಕಿರಿ ಎನ್ನಬೇಕಾಯಿತು. 2023ರಲ್ಲಿ ಮತ್ತೆ ಹೋಗಿ, ಕೈ ಗುರುತಿಗೆ ಹಾಕಿರಿ ಎನ್ನಬೇಕಾಯಿತು. ಎರಡೂ ಸಲ ಗೆದ್ದವರು ಬಿಜೆಪಿಯ ಬಸವರಾಜ ಮತ್ತಿಮೂಡ.

ನಾಯಕರ ಮಟ್ಟಿಗೆ ಪಕ್ಷಾಂತರ ಎಂದರೆ ಅರ್ಧ ತಾಸಿನ ಕಾರ್ಯಕ್ರಮ. ಪಕ್ಷದ ಕಚೇರಿಯಲ್ಲಿ ದೊಡ್ಡ ಮುಖಂಡರು ಹೆಗಲಿಗೆ ಶಾಲು ಹಾಕುತ್ತಾರೆ, ಕೈಗೆ ಬಾವುಟ ಕೊಡುತ್ತಾರೆ, ಹೂವಿನ ಹಾರದೊಳಗೆ ಎಲ್ಲರೂ ತಲೆ ತೂರಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ‘ಯಾವುದೇ ಷರತ್ತಿಲ್ಲದೆ ಸೇರಿದ್ದೇನೆ’ ಎಂಬ ಹೇಳಿಕೆ ಬರುತ್ತದೆ. ‘ಹಿಂದಿನ ಪಕ್ಷದಲ್ಲಿ ಉಸಿರುಗಟ್ಟುವ ವಾತಾವರಣವಿತ್ತು’ ಎಂಬ ಮಾತೂ ತಪ್ಪದೇ ಬರುತ್ತದೆ. ಸಂಜೆಗೆ ಆ ಫೋಟೊ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬೀಳುತ್ತದೆ. ಅಲ್ಲಿಂದ ಮುಂದಿನದು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಕಟ್ಟೆಯ ಮೇಲೆ ಕುಳಿತ ಬೂತ್ ಕಾರ್ಯಕರ್ತ ಆ ಫೋಟೊ ನೋಡುತ್ತಾನೆ. ಹೋದ ಚುನಾವಣೆಯಲ್ಲಿ ಇದೇ ಸಾಹೇಬರ ಪರವಾಗಿ ಅವನು ಅಣ್ಣತಮ್ಮಂದಿರ ಸಂಗಡ ಮಾತು ಬಿಟ್ಟಿರುತ್ತಾನೆ. ಎದುರು ಪಕ್ಷದ ಕಾಕಾನ ಮನೆಯ ಮದುವೆಗೆ ಹೋಗಿರುವುದಿಲ್ಲ. ಅವನ ಮೇಲೊಂದು ಸಣ್ಣ ಕೇಸು ಬಿದ್ದಿದ್ದರೆ ಅದರ ತಾರೀಖಿಗೆ ಈಗಲೂ ಅವನೇ ಕೋರ್ಟಿಗೆ ಹೋಗಬೇಕು. ‘ಅವ್ರವ್ರು ಒಂದಾದ್ರರಿ, ನಾವ್ನಾವು ಕೆಟ್ಟಿವಿ’ ಎಂಬ ಮಾತು ನಮ್ಮ ಕಡೆ ಪ್ರತಿ ಚುನಾವಣೆಯ ನಂತರ ಕೇಳಿಬರುತ್ತದೆ. ಅದರಲ್ಲಿ ಸಿಟ್ಟಿಗಿಂತ ಅವಮಾನ ಹೆಚ್ಚು.

ಇದು ಹೊಸ ರೋಗವೆಂದು ಹಿರಿಯರು ಹೇಳಿದರೆ ನಾನು ಒಪ್ಪುವುದಿಲ್ಲ. ಇದೇ ಜಿಲ್ಲೆಯ ಚಿಂಚೋಳಿಯಲ್ಲಿ ಹುಟ್ಟಿದ ವೀರೇಂದ್ರ ಪಾಟೀಲರ ಕಥೆಯನ್ನೇ ನೋಡಿ. 1968ರಲ್ಲಿ ಎಸ್‌. ನಿಜಲಿಂಗಪ್ಪ ಅವರ ನಂತರ ಮುಖ್ಯಮಂತ್ರಿಯಾದವರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ನಿಜಲಿಂಗಪ್ಪ ಅವರ ಜೊತೆ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27ಕ್ಕೆ 27 ಸ್ಥಾನಗಳನ್ನೂ ಇಂದಿರಾ ಬಣ ಗೆದ್ದಿತು. ಫಲಿತಾಂಶದ ಬೆನ್ನಿಗೇ ಶಾಸಕರು ಆ ಕಡೆಗೆ ಹರಿದರು, ಪಾಟೀಲರ ಸರ್ಕಾರ ಬಿದ್ದಿತು. ಪಕ್ಷಾಂತರದ ಪೆಟ್ಟನ್ನು ಸ್ವತಃ ತಿಂದವರು ಅವರು.

ಏಳು ವರ್ಷಗಳ ನಂತರ, 1978ರ ನವೆಂಬರಿನಲ್ಲಿ, ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆ. ಡಿ.ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಕ್ಷೇತ್ರದಲ್ಲಿ ಇಂದಿರಾ ಗಾಂಧಿ ಅಭ್ಯರ್ಥಿ, ಅವರನ್ನು ಕರೆತಂದು ನಿಲ್ಲಿಸಿದವರು ಮುಖ್ಯಮಂತ್ರಿ ದೇವರಾಜ ಅರಸು. ಎದುರು ಜನತಾ ಪಕ್ಷದಿಂದ ವೀರೇಂದ್ರ ಪಾಟೀಲ. ದೇಶದ ದೊಡ್ಡ ನಾಯಕರೆಲ್ಲ ಮಲೆನಾಡಿನ ಮಳೆಯಲ್ಲಿ ಬಂದಿಳಿದರು. ತುರ್ತು ಪರಿಸ್ಥಿತಿ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಜನತಾ ಪಕ್ಷದವರಿಗೆ ಹೇಳಲು ನಿಜವಾದ, ಗಂಭೀರವಾದ ವಿಷಯವಿತ್ತು. ಕಾಂಗ್ರೆಸ್ಸಿನವರಿಗೂ ಭೂಸುಧಾರಣೆಯಂಥ ಕೆಲಸ ಹೇಳಿಕೊಳ್ಳಲಿತ್ತು. ಆದರೂ ಆ ಚುನಾವಣೆಯಿಂದ ಇಂದಿಗೂ ಜನರ ನೆನಪಿನಲ್ಲಿ ಉಳಿದಿರುವುದು, ಇಂದಿರಾ ಅವರನ್ನು ಸಿಂಹಿಣಿಗೂ ಎದುರಾಳಿಗಳನ್ನು ಮಂಗಗಳಿಗೂ ಹೋಲಿಸಿದ ಒಂದು ಹಿಂದಿ ಘೋಷಣೆ. ಆ ಮಂಗಗಳ ಸಾಲಿನಲ್ಲಿ ಮೊದಲು ನಿಂತವರು, ಸಜ್ಜನರೆಂದು ಹೆಸರಾಗಿದ್ದ ನಮ್ಮ ಚಿಂಚೋಳಿಯ ಪಾಟೀಲರು. 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು.

ಮುಂದಾದದ್ದನ್ನು ಮೆಲ್ಲಗೆ ಓದಬೇಕು. 1979ರಲ್ಲಿ ಅರಸು ಮತ್ತು ಇಂದಿರಾ ಅವರ ಸಂಬಂಧ ಮುರಿದು, ಅರಸು ಪಕ್ಷದಿಂದ ಹೊರಬಿದ್ದರು. ಚಿಕ್ಕಮಗಳೂರಿನಲ್ಲಿ ಸೋತಿದ್ದ ವೀರೇಂದ್ರ ಪಾಟೀಲರು ಇಂದಿರಾ ಕಾಂಗ್ರೆಸ್ ಸೇರಿದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ಗೆದ್ದು, ಅದೇ ವರ್ಷ ಇಂದಿರಾ ಸಂಪುಟದಲ್ಲಿ ಪೆಟ್ರೋಲಿಯಂ ಸಚಿವರಾದರು. ಚಿಕ್ಕಮಗಳೂರಿನಲ್ಲಿ ಇಂದಿರಾ ಅವರನ್ನು ಗೆಲ್ಲಿಸಿದವರು ಎದುರು ಪಾಳೆಯದಲ್ಲಿ, ಸೋಲಿಸಲು ನಿಂತವರು ಪಕ್ಕದ ಕುರ್ಚಿಯಲ್ಲಿ. ನಡುವೆ ಹೋದದ್ದು ಒಂದೂವರೆ ವರ್ಷದೊಳಗಿನ ಕಾಲ. ಚಿಕ್ಕಮಗಳೂರಿನ ಹಳ್ಳಿಗಳಲ್ಲಿ ಆ ಘೋಷಣೆ ಕೂಗಿದವರಿಗೂ, ಅದಕ್ಕೆ ಎದುರು ಕೂಗಿದವರಿಗೂ ಯಾರಾದರೂ ಬಂದು ಕಾರಣ ಹೇಳಿದರೇ? ಹೇಳಿದ ದಾಖಲೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಪಾಟೀಲರ ಬಗ್ಗೆ ನನಗೆ ಗೌರವವಿದೆ. 1989ರಲ್ಲಿ ಅವರ ಮುಂದಾಳತ್ವದಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದಿತು. ಮರುವರ್ಷ ಅಕ್ಟೋಬರಿನಲ್ಲಿ, ಅವರು ಅನಾರೋಗ್ಯದಲ್ಲಿದ್ದಾಗಲೇ, ಅವರನ್ನು ಬದಲಿಸುವ ವಿಚಾರವನ್ನು ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪ್ರಕಟಿಸಿದರು. ಆ ನೋವು ಇವತ್ತಿಗೂ ಚುನಾವಣಾ ಸರಕು. 2023ರ ಫೆಬ್ರುವರಿ 27ರಂದು ಬೆಳಗಾವಿಯಲ್ಲಿ ಪ್ರಧಾನಿ ಮೋದಿ ನಿಜಲಿಂಗಪ್ಪ ಮತ್ತು ವೀರೇಂದ್ರ ಪಾಟೀಲರ ಹೆಸರೆತ್ತಿ, ಕರ್ನಾಟಕದ ನಾಯಕರನ್ನು ಕಾಂಗ್ರೆಸ್ ಅವಮಾನಿಸುತ್ತ ಬಂದಿದೆ ಎಂದರು. ಖರ್ಗೆ ಅವರ ಹೆಸರನ್ನೂ ಅದೇ ಪಟ್ಟಿಗೆ ಸೇರಿಸಿದರು. ಆಗ ಪಾಟೀಲರು ತೀರಿಕೊಂಡು 26 ವರ್ಷವಾಗುತ್ತ ಬಂದಿತ್ತು. ಬದುಕಿದ್ದಾಗ ಅವರು ಯಾವ ಯಾವ ಪಕ್ಷದಲ್ಲಿದ್ದರು, ಯಾಕೆ ಬಿಟ್ಟರು, ಯಾಕೆ ಸೇರಿದರು ಎಂಬುದೆಲ್ಲ ಆ ಮಾತಿನಲ್ಲಿ ಇರಲಿಲ್ಲ.

ಮತ್ತೆ ನಮ್ಮ ಕಾಲಕ್ಕೆ ಬರೋಣ. ಅಫಜಲಪುರದಲ್ಲಿ ಆರು ಬಾರಿ ಶಾಸಕರಾಗಿದ್ದ ಮಾಲೀಕಯ್ಯ ಗುತ್ತೇದಾರ 2018ರಲ್ಲಿ ಕಾಂಗ್ರೆಸ್ ಬಿಟ್ಟು ಬಿಜೆಪಿಗೆ ಹೋದರು. ಅವರ ಎದುರಾಳಿ ಎಂ.ವೈ. ಪಾಟೀಲ ಬಿಜೆಪಿಯಿಂದ ಕಾಂಗ್ರೆಸ್ಸಿಗೆ ಬಂದರು. ಅಭ್ಯರ್ಥಿಗಳು ಅವರೇ, ಗುರುತುಗಳಷ್ಟೇ ಅದಲುಬದಲು. ಗೆದ್ದವರು ಪಾಟೀಲ. 2023ರಲ್ಲಿ ಮಾಲೀಕಯ್ಯ ಅವರ ತಮ್ಮ ನಿತಿನ್ ಗುತ್ತೇದಾರ ಪಕ್ಷೇತರರಾಗಿ ನಿಂತು ಎರಡನೆಯವರಾದರು, ಅಣ್ಣ ಮೂರನೆಯ ಸ್ಥಾನಕ್ಕೆ ಇಳಿದರು. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಬಿಜೆಪಿ ತಮ್ಮನನ್ನು ಸೇರಿಸಿಕೊಂಡಿತು, ಅಣ್ಣ ಕಾಂಗ್ರೆಸ್ಸಿಗೆ ಮರಳಿದರು. ಗುರುಮಠಕಲ್‌ನ ಬಾಬುರಾವ್ ಚಿಂಚನಸೂರ 2018ರಲ್ಲಿ ಕಾಂಗ್ರೆಸ್ ಬಿಟ್ಟು ಬಿಜೆಪಿ ಸೇರಿ, 2019ರಲ್ಲಿ ಖರ್ಗೆ ಅವರ ವಿರುದ್ಧ ದುಡಿದರು. 2023ರ ಮಾರ್ಚ್‌ನಲ್ಲಿ ವಿಧಾನ ಪರಿಷತ್ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಅದೇ ಖರ್ಗೆ ಅವರ ಪಕ್ಷಕ್ಕೆ ಬಂದು ಟಿಕೆಟ್ ಪಡೆದು ಸೋತರು. ಹೀಗೆ ಬರೆಯುತ್ತ ಹೋದರೆ ಜಿಲ್ಲೆಯ ಒಂಬತ್ತು ಕ್ಷೇತ್ರಗಳಿಗೂ ಒಂದೊಂದು ಪುಟ ಬೇಕಾದೀತು.

ಯಾಕೆ ಹೀಗೆ? ಹಣ, ಅಧಿಕಾರ ಎಂಬ ಉತ್ತರ ಎಲ್ಲರಿಗೂ ಗೊತ್ತು. ಅದರ ಕೆಳಗೆ ಇನ್ನೊಂದು ಕಾರಣವಿದೆ. ನಮ್ಮಲ್ಲಿ ಟಿಕೆಟ್ ತೀರ್ಮಾನವಾಗುವುದು ಬೆಂಗಳೂರಿನಲ್ಲಿ, ದೆಹಲಿಯಲ್ಲಿ. ಕಮಲಾಪುರದ ಪಕ್ಷದ ಸದಸ್ಯನಿಗೆ ತನ್ನ ಅಭ್ಯರ್ಥಿ ಯಾರೆಂದು ಗೊತ್ತಾಗುವುದು ಟಿ.ವಿ.ಯಲ್ಲಿ. ಇಪ್ಪತ್ತು ವರ್ಷ ದುಡಿದವನಿಗೆ ಒಂದು ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಪಕ್ಷದೊಳಗೆ ಕೇಳಲು ಜಾಗವಿಲ್ಲ. ಎದುರಿನ ಪಕ್ಷದಲ್ಲಿ ಮಾತ್ರ ಬಾಗಿಲು ತೆರೆದಿರುತ್ತದೆ. ಜಾತಿಯ ಲೆಕ್ಕ, ಗೆಲ್ಲುವ ಲೆಕ್ಕ ಎರಡೂ ಕೂಡಿಬಂದರೆ ಆ ಬಾಗಿಲಲ್ಲಿ ಹಾರ ಹಿಡಿದೇ ನಿಂತಿರುತ್ತಾರೆ. ಟಿಕೆಟ್ ತಪ್ಪಿದ ಬೆಳಮಗಿಯವರ ನೋವು ಸುಳ್ಳೆಂದು ನಾನು ಹೇಳಲಾರೆ.

ಕಾನೂನು ಇದನ್ನು ತಡೆಯುವುದಿಲ್ಲ. 1985ರ 52ನೇ ತಿದ್ದುಪಡಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿಸಿತು, 2003ರ 91ನೇ ತಿದ್ದುಪಡಿ ಅದನ್ನು ಬಿಗಿ ಮಾಡಿತು. ಗೆದ್ದವರು ಪಕ್ಷ ಬಿಟ್ಟರೆ ಸ್ಥಾನ ಹೋಗುತ್ತದೆ, ಸರಿ. ರಾಜೀನಾಮೆ ಕೊಟ್ಟು ಹೋದರೆ? ಜಾಧವ ಅವರ ಪ್ರಕರಣದಲ್ಲಿ ಇದೇ ಪ್ರಶ್ನೆ ಎದ್ದಿತು. ಅನರ್ಹಗೊಳಿಸಬೇಕೆಂದು ಕಾಂಗ್ರೆಸ್ ಆ ಮೊದಲೇ ದೂರು ಕೊಟ್ಟಿತ್ತು. ಸ್ಪೀಕರ್ ರಮೇಶ್ ಕುಮಾರ್ ರಾಜೀನಾಮೆಯನ್ನು ತಕ್ಷಣ ಒಪ್ಪದೆ, ಚಿಂಚೋಳಿಯ ಮತದಾರರ ಆಕ್ಷೇಪವನ್ನೂ ಕೇಳಿ, ಏಪ್ರಿಲ್ 1ರಂದು ಅಂಗೀಕರಿಸಿದರು. ಮತ ಹಾಕಿದವರನ್ನು ಕರೆದು, ನಿಮ್ಮ ಶಾಸಕರು ಹೋಗುತ್ತಿದ್ದಾರೆ, ನಿಮಗೇನು ಅನ್ನಿಸುತ್ತದೆ ಎಂದು ಕೇಳಿದ ಆ ನಡೆ ನನಗೆ ಮುಖ್ಯವಾಗಿ ಕಾಣುತ್ತದೆ. ಅದು ಮುಂದುವರಿಯಲಿಲ್ಲ. ಅದೇ ವರ್ಷ ಜುಲೈನಲ್ಲಿ 17 ಶಾಸಕರನ್ನು ಅನರ್ಹಗೊಳಿಸಿದ್ದು, ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದೂ ಮತ್ತೆ ಸ್ಪರ್ಧಿಸಲು ಅವಕಾಶ ಕೊಟ್ಟದ್ದು, ಡಿಸೆಂಬರಿನ 15 ಉಪಚುನಾವಣೆಗಳಲ್ಲಿ 12ನ್ನು ಬಿಜೆಪಿ ಗೆದ್ದದ್ದು ಎಲ್ಲರಿಗೂ ನೆನಪಿದೆ.

ಪಕ್ಷಾಂತರಕ್ಕೂ ಬೈಗುಳಕ್ಕೂ ಒಳಗಿನ ನಂಟಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹೋದ ಸಲ ಆ ಪಕ್ಷದ ಪ್ರಣಾಳಿಕೆ ಹಿಡಿದು ಬಂದವರು ಈ ಸಲ ಈ ಪಕ್ಷದ ಪ್ರಣಾಳಿಕೆ ಹಿಡಿದು ಬಂದಾಗ ನೀತಿಯ ಬಗ್ಗೆ ಮಾತಾಡುವುದು ಕಷ್ಟವಾಗುತ್ತದೆ. ಮಾಡಿದ ಕೆಲಸ ಹೇಳಿಕೊಂಡರೆ ಅದು ಬಿಟ್ಟುಬಂದ ಪಕ್ಷದ ಲೆಕ್ಕಕ್ಕೂ ಹೋಗುತ್ತದೆ. ಆಗ ಉಳಿಯುವ ಸುಲಭದ ದಾರಿ ಎದುರಾಳಿಯ ಮೈ, ಮನೆ, ಮಗ, ಅಳಿಯ, ಜಾತಿ. ಬಂದವರು ಹೊಸ ಪಕ್ಷಕ್ಕೆ ತಮ್ಮ ನಿಷ್ಠೆ ತೋರಿಸಬೇಕು. ಹಳೆಯ ಪಕ್ಷವನ್ನು ಉಳಿದವರಿಗಿಂತ ಒಂದು ಪಟ್ಟು ಹೆಚ್ಚು ಬೈದರೆ ನಿಷ್ಠೆ ತೋರಿಸಿದಂತಾಗುತ್ತದೆ. ಬಿಟ್ಟುಹೋದವರ ಹಳೆಯ ಪಕ್ಷ ಸುಮ್ಮನಿರುತ್ತದೆಯೇ? ‘ದ್ರೋಹಿ’, ‘ಮಾರಾಟವಾದವನು’ ಎಂದು ಶುರುಮಾಡುತ್ತದೆ. ಈ ಎರಡು ಬಾಯಿಗಳ ನಡುವೆ ಕ್ಷೇತ್ರದ ವಿಷಯ ಕಳೆದುಹೋಗುತ್ತದೆ.

2019ರ ಮೇ ತಿಂಗಳ ಚಿಂಚೋಳಿ ಉಪಚುನಾವಣೆ ಇದಕ್ಕೆ ಒಳ್ಳೆಯ ಉದಾಹರಣೆ. ಜಾಧವ ತೆರವು ಮಾಡಿದ ಸ್ಥಾನಕ್ಕೆ ಅವರ ಮಗ ಅವಿನಾಶ ಬಿಜೆಪಿ ಅಭ್ಯರ್ಥಿ, ಎದುರು ಕಾಂಗ್ರೆಸ್ಸಿನ ಸುಭಾಷ ರಾಠೋಡ. ಒಂದೇ ವರ್ಷದಲ್ಲಿ ಎರಡನೇ ಸಲ ಅದೇ ಶಾಸಕ ಸ್ಥಾನಕ್ಕೆ ಜನ ಬಿಸಿಲಲ್ಲಿ ಸಾಲು ನಿಲ್ಲಬೇಕಾಗಿತ್ತು. ಯಾಕೆ ನಿಲ್ಲಬೇಕು ಎಂಬುದೇ ಪ್ರಚಾರದ ವಿಷಯವಾಗಬಹುದಿತ್ತು. ದೇಶದ ಸುದ್ದಿಯಾದದ್ದು ಬೇರೆ ಮಾತು. ಕಾಂಗ್ರೆಸ್ಸಿಗೆ 40 ಸ್ಥಾನವೂ ಬಾರದು ಎಂದು ಮೋದಿ ಹೇಳುತ್ತಾರಲ್ಲ, 40 ದಾಟಿದರೆ ದೆಹಲಿಯ ವಿಜಯ ಚೌಕದಲ್ಲಿ ನೇಣು ಹಾಕಿಕೊಳ್ಳುತ್ತಾರೆಯೇ ಎಂದು ಖರ್ಗೆ ಕೇಳಿದ್ದು. ಅರ್ಧ ಶತಮಾನ ಸಾರ್ವಜನಿಕ ಜೀವನದಲ್ಲಿದ್ದು, ಹೈದರಾಬಾದ್ ಕರ್ನಾಟಕಕ್ಕೆ 371(ಜೆ) ವಿಶೇಷ ಸ್ಥಾನಮಾನ ತರುವಲ್ಲಿ ದುಡಿದ ಹಿರಿಯರ ಬಾಯಿಂದ ಆ ಮಾತು ಬಂದದ್ದು ನನಗೆ ಇಂದಿಗೂ ಬೇಸರ ತರುತ್ತದೆ. ಹೇಳಿಕೊಳ್ಳಲು ಅಷ್ಟು ಕೆಲಸವಿದ್ದವರಿಗೆ ಆ ಮಾತಿನ ಅಗತ್ಯವೇ ಇರಲಿಲ್ಲ.

2023ರಲ್ಲಿ ಮಾತಿನ ಮಟ್ಟ ಇನ್ನೂ ಕೆಳಗಿಳಿಯಿತು. ಏಪ್ರಿಲ್ 27ರಂದು ರಾಜ್ಯದ ಒಂದು ಪ್ರಚಾರ ಸಭೆಯಲ್ಲಿ ಖರ್ಗೆ ಮೋದಿ ಅವರನ್ನು ವಿಷಸರ್ಪಕ್ಕೆ ಹೋಲಿಸಿದರು. ಟೀಕೆ ಬಂದ ಮೇಲೆ ಅದು ವ್ಯಕ್ತಿಯ ಬಗ್ಗೆ ಆಡಿದ ಮಾತಲ್ಲ, ಸಿದ್ಧಾಂತದ ಬಗ್ಗೆ ಆಡಿದ್ದು ಎಂದು ವಿವರಿಸಿ, ನೋವಾಗಿದ್ದರೆ ವಿಷಾದವಿದೆ ಎಂದರು. ಇತ್ತ ಬಿಜೆಪಿಯ ಬಸನಗೌಡ ಪಾಟೀಲ ಯತ್ನಾಳ ಸೋನಿಯಾ ಗಾಂಧಿ ಅವರನ್ನು ವಿಷಕನ್ಯೆ ಎಂದರು. ಏಪ್ರಿಲ್ 29ರಂದು ಹುಮನಾಬಾದ್‌ನಲ್ಲಿ ಪ್ರಧಾನಿ, ಕಾಂಗ್ರೆಸ್ಸಿನವರು ತಮ್ಮನ್ನು 91 ಸಲ ಬೈದಿದ್ದಾರೆ ಎಂದು ಲೆಕ್ಕ ಕೊಟ್ಟರು. ಬೈಗುಳ ತಿಂದದ್ದೂ ಮತ ಕೇಳುವ ಕಾರಣವಾಯಿತು. ಬಂಜಾರ ಸಮುದಾಯದ ಮೀಸಲಾತಿಯ ಮಾತೆತ್ತಿ ಖರ್ಗೆ ಅವರ ಮಗ ಪ್ರಿಯಾಂಕ್ ಖರ್ಗೆ ಪ್ರಧಾನಿಯನ್ನು ‘ನಾಲಾಯಕ್’ ಎಂದರು. ಚಿತ್ತಾಪುರದಲ್ಲಿ ಅವರ ಎದುರಾಳಿಯಾಗಿದ್ದ ಬಿಜೆಪಿ ಅಭ್ಯರ್ಥಿಯ ಧ್ವನಿ ಎನ್ನಲಾದ, ಖರ್ಗೆ ಕುಟುಂಬಕ್ಕೆ ಕೊಲೆ ಬೆದರಿಕೆ ಇದೆಯೆಂದು ಕಾಂಗ್ರೆಸ್ ಆರೋಪಿಸಿದ ಆಡಿಯೊ ಒಂದು ಮೊಬೈಲುಗಳಲ್ಲಿ ಹರಿದಾಡಿತು. ಚುನಾವಣಾ ಆಯೋಗ ಮೇ 2ರಂದು ಎಲ್ಲ ಪಕ್ಷಗಳಿಗೂ ತಾರಾ ಪ್ರಚಾರಕರಿಗೂ ಮಾತಿನ ಮೇಲೆ ಹಿಡಿತವಿರಲಿ ಎಂದು ಸೂಚಿಸಿತು, ಮರುದಿನ ಪ್ರಿಯಾಂಕ್ ಮತ್ತು ಯತ್ನಾಳರಿಗೆ ನೋಟಿಸು ಕೊಟ್ಟಿತು. ಮೇ 10ಕ್ಕೆ ಮತದಾನ. ನೋಟಿಸು ಬರುವಷ್ಟರಲ್ಲಿ ಆ ಮಾತುಗಳು ಕಮಲಾಪುರದ ತಾಂಡಾ ದಾಟಿ, ಕೇರಿ ದಾಟಿ ಆಗಿತ್ತು.

ಎದುರಾಳಿಯನ್ನು ಟೀಕಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಟೀಕೆಯಿಲ್ಲದ ಚುನಾವಣೆ ಇದ್ದರೆಷ್ಟು, ಬಿಟ್ಟರೆಷ್ಟು. ಗುತ್ತಿಗೆದಾರರು ಶೇ 40ರಷ್ಟು ಕಮಿಷನ್ ಕೊಡಬೇಕಾಗಿದೆ ಎಂದು ದೂರಿದಾಗ ಅದನ್ನು ಚುನಾವಣೆಯ ಪ್ರಶ್ನೆಯಾಗಿಸುವುದು ವಿರೋಧ ಪಕ್ಷದ ಕೆಲಸವೇ. ಆದರೆ ಅದೇ ಪಕ್ಷ ಯಾವ ಹುದ್ದೆಗೆ ಎಷ್ಟು ಲಂಚ ಎಂದು ದರಪಟ್ಟಿಯನ್ನೇ ಜಾಹೀರಾತಾಗಿ ಅಚ್ಚು ಹಾಕಿಸಿದಾಗ, ಆಧಾರ ಕೊಡಿ ಎಂದು ಆಯೋಗ ಕೇಳಿದ್ದೂ ಸರಿಯೇ. ಗೆರೆ ಎಲ್ಲಿದೆ ಎಂಬುದು ಮಾದರಿ ನೀತಿ ಸಂಹಿತೆಯಲ್ಲೇ ಇದೆ. ನೀತಿ, ಕಾರ್ಯಕ್ರಮ, ಹಿಂದೆ ಮಾಡಿದ ಕೆಲಸ, ಇಷ್ಟನ್ನು ಟೀಕಿಸಬಹುದು. ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಖಾಸಗಿ ಬದುಕನ್ನು ಎಳೆಯಬಾರದು, ಪರಿಶೀಲಿಸದ ಆರೋಪ ಮಾಡಬಾರದು. 1951ರ ಜನಪ್ರಾತಿನಿಧ್ಯ ಕಾಯ್ದೆಯ 123(4)ನೇ ಸೆಕ್ಷನ್ನಿನ ಪ್ರಕಾರ ಅಭ್ಯರ್ಥಿಯ ವೈಯಕ್ತಿಕ ಚಾರಿತ್ರ್ಯದ ಬಗ್ಗೆ ಸುಳ್ಳೆಂದು ಗೊತ್ತಿದ್ದೂ ಹೇಳಿಕೆ ಪ್ರಕಟಿಸುವುದು ಭ್ರಷ್ಟಾಚರಣೆ. ಅದು ಕೋರ್ಟಿನಲ್ಲಿ ಸಾಬೀತಾದರೆ ಗೆಲುವೇ ರದ್ದಾಗಬಹುದು.

ಚುನಾವಣೆಯ ಕರಪತ್ರ ಕೈಗೆ ಬಂದರೆ ಅದರ ಕೊನೆಯ ಸಾಲು ನೋಡುವ ಅಭ್ಯಾಸ ಒಳ್ಳೆಯದು. ಅದೇ ಕಾಯ್ದೆಯ 127ಎ ಪ್ರಕಾರ ಅಲ್ಲಿ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಬೇಕು. ಅಭ್ಯರ್ಥಿ ನಗುತ್ತಿರುವ ಫೋಟೊ, ರಸ್ತೆ, ಕೆರೆ, ಕುಡಿಯುವ ನೀರಿನ ಪಟ್ಟಿ ಇರುವ ಕರಪತ್ರದ ಕೆಳಗೆ ಪ್ರೆಸ್ಸಿನ ಹೆಸರು ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ. ಮತದಾನದ ಹಿಂದಿನ ರಾತ್ರಿ ಬಾಗಿಲ ಸಂದಿಯಿಂದ ಒಳಬರುವ ಹಾಳೆಯಲ್ಲಿ ಅದು ಇರುವುದಿಲ್ಲ. ಅದರಲ್ಲಿ ಅಭ್ಯರ್ಥಿಯ ಹೆಂಡತಿಯ ಸುದ್ದಿ ಇರುತ್ತದೆ, ಜಾತಿಯ ಸುದ್ದಿ ಇರುತ್ತದೆ, ಇನ್ನೊಂದು ಸಮಾಜದ ಬಗ್ಗೆ ಅವರು ಆಡಿದರೆನ್ನುವ ಮಾತು ಇರುತ್ತದೆ, ಬರೆದವರು ಯಾರೆಂಬುದು ಮಾತ್ರ ಇರುವುದಿಲ್ಲ. ಮತದಾನಕ್ಕೆ 48 ಗಂಟೆ ಮೊದಲು ಬಹಿರಂಗ ಪ್ರಚಾರ ನಿಂತಿರುತ್ತದೆ, ಉತ್ತರ ಕೊಡಲು ಸಮಯವಿರುವುದಿಲ್ಲ. ಈಗ ಆ ಹಾಳೆಯ ಕೆಲಸವನ್ನು ಮೊಬೈಲು ಮಾಡುತ್ತಿದೆ.

ಪಕ್ಷ ಬದಲಿಸದೆಯೂ ನಿಲುವು ಬದಲಿಸುವುದುಂಟು, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ನಮ್ಮ ಭಾಗದಲ್ಲಿ ಒಳಮೀಸಲಾತಿ ಅಂಥ ವಿಷಯ. 2023ರ ಮಾರ್ಚ್‌ನಲ್ಲಿ ಬೊಮ್ಮಾಯಿ ಸರ್ಕಾರ ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಎಡಗೈ, ಬಲಗೈ, ಸ್ಪೃಶ್ಯ, ಇತರೆ ಎಂದು ಭಾಗ ಮಾಡಿ ಶಿಫಾರಸು ಕಳಿಸಿದಾಗ ಬಂಜಾರರು ಬೀದಿಗಿಳಿದರು, ಶಿಕಾರಿಪುರದಲ್ಲಿ ಯಡಿಯೂರಪ್ಪ ಅವರ ಮನೆಯ ಮೇಲೆ ಕಲ್ಲು ಬಿತ್ತು. ಅದೇ ವರ್ಷದ ಜನವರಿಯಲ್ಲಿ ಮಳಖೇಡದಲ್ಲಿ ಪ್ರಧಾನಿ ತಾಂಡಾ ನಿವಾಸಿಗಳಿಗೆ ಹಕ್ಕುಪತ್ರ ಹಂಚಿ ಹೋಗಿದ್ದರು. ಒಂದೇ ಕ್ಷೇತ್ರದಲ್ಲಿ ತಾಂಡಾಕ್ಕೊಂದು ಭಯ, ಮಾದಿಗರ ಕೇರಿಗೊಂದು ಆಸೆ, ಹೊಲೆಯರ ಕೇರಿಗೊಂದು ಲೆಕ್ಕ. ಎಲ್ಲ ಪಕ್ಷಗಳ ಪ್ರಚಾರಕರೂ ಒಂದೊಂದು ಕಡೆ ಒಂದೊಂದು ಸ್ವರದಲ್ಲಿ ಮಾತಾಡಿ ಹೋದರು. ತಾಂಡಾದ ನಾಯಕ, ಕಾರಭಾರಿಗಳ ಮುಂದೆ ಆಡಿದ ಮಾತನ್ನು ಅರ್ಧ ಕಿಲೊಮೀಟರಿನಾಚೆಯ ಕೇರಿಯಲ್ಲಿ ಆಡುವ ಧೈರ್ಯ ಯಾರಿಗೂ ಇರಲಿಲ್ಲ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳವರ್ಗೀಕರಣಕ್ಕೆ ಒಪ್ಪಿಗೆ ಕೊಟ್ಟಿತು, ಮರುವರ್ಷ ಕಾಂಗ್ರೆಸ್ ಸರ್ಕಾರ ತನ್ನದೇ ಹಂಚಿಕೆ ಮಾಡಿತು. ತಕರಾರು ಇನ್ನೂ ತಣ್ಣಗಾಗಿಲ್ಲ. ಚುನಾವಣೆಯ ವೇದಿಕೆಯಲ್ಲಿ ಎರಡೂ ಕಡೆಯವರನ್ನು ಕೂರಿಸಿ ನೇರ ಮಾತಾಡಿದ್ದರೆ ಈ ಒಡಕು ಇಷ್ಟು ಬೆಳೆಯುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ.

ಬೈಗುಳದ ನಡುವೆ ಕಳೆದುಹೋದ ವಿಷಯಗಳಿಗೆ ಒಂದು ಉದಾಹರಣೆ ಸಾಕು. ಖರ್ಗೆ ರೈಲ್ವೆ ಸಚಿವರಾಗಿದ್ದಾಗ ಘೋಷಣೆಯಾದ ಕಲಬುರಗಿ ರೈಲ್ವೆ ವಿಭಾಗ ದಶಕ ಕಳೆದರೂ ಬೇಡಿಕೆಯಾಗಿಯೇ ಉಳಿದಿದೆ. ಯಾರು ಎಲ್ಲಿ ತಡೆದರು, ಯಾವ ಕಡತ ಎಲ್ಲಿ ನಿಂತಿತು ಎಂದು ಎರಡೂ ಪಕ್ಷದವರು ಒಂದೇ ವೇದಿಕೆಯಲ್ಲಿ ದಾಖಲೆ ಇಟ್ಟು ವಾದ ಮಾಡಿದ್ದನ್ನು ನಾವು ನೋಡಿಲ್ಲ. ತೊಗರಿಯ ಬೆಲೆ, ತಾಂಡಾದಿಂದ ಮುಂಬೈ, ಪುಣೆಗೆ ದುಡಿಯಲು ಹೋಗುವವರ ಮಕ್ಕಳ ಶಾಲೆ, ಇವೆಲ್ಲವೂ ಅದೇ ಸಾಲಿನಲ್ಲಿ ಕಾದು ನಿಂತಿವೆ.

ಮತದಾರರು ಇದನ್ನೆಲ್ಲ ಗಮನಿಸುತ್ತಿಲ್ಲ ಎಂದುಕೊಂಡರೆ ತಪ್ಪು. ಜಾಧವ 2019ರಲ್ಲಿ ಗೆದ್ದರು, 2024ರಲ್ಲಿ ಖರ್ಗೆ ಅವರ ಅಳಿಯ ರಾಧಾಕೃಷ್ಣ ದೊಡ್ಡಮನಿ ಎದುರು 27,205 ಮತಗಳಿಂದ ಸೋತರು. ಚಿಂಚೋಳಿಯಲ್ಲಿ ಅವಿನಾಶ ಜಾಧವ 2023ರಲ್ಲಿ ಗೆದ್ದದ್ದು 858 ಮತಗಳಿಂದ. ಜಿಲ್ಲೆಯ ಒಂಬತ್ತರಲ್ಲಿ ಏಳನ್ನು ಕಾಂಗ್ರೆಸ್ ಗೆದ್ದ ಆ ವರ್ಷವೂ ಕಲಬುರಗಿ ಗ್ರಾಮೀಣದ ಜನ ಕಾಂಗ್ರೆಸ್ಸಿಗೆ ಹೋದ ಬೆಳಮಗಿಯವರನ್ನು ಕೈಹಿಡಿಯಲಿಲ್ಲ. ಪಕ್ಷಾಂತರ ಒಂದೇ ಕಾರಣ ಎನ್ನಲಾಗದು. ಅದೇ ಜನ ಬೇರೆ ಕಡೆ ಪಕ್ಷಾಂತರಿಗಳನ್ನು ಗೆಲ್ಲಿಸಿಯೂ ಇದ್ದಾರೆ. ಆದರೆ ಹೋದ ಪಕ್ಷದ ಅಲೆ ತಮ್ಮನ್ನು ದಡ ಸೇರಿಸುತ್ತದೆ ಎಂದು ನಂಬಿದವರ ಲೆಕ್ಕವನ್ನು ಈ ಸೀಮೆ ಹಲವು ಸಲ ತಪ್ಪಿಸಿದೆ.

ಹಾಗಾದರೆ ಏನು ಕೇಳಬೇಕು? ಪಕ್ಷ ಬಿಡಬೇಡಿ ಎಂದು ಯಾರಿಗೂ ಹೇಳಲಾಗದು. ಮನಸ್ಸು ಬದಲಾಗುವುದು ತಪ್ಪಲ್ಲ. ಬದಲಾದವರು ಮತ ಹಾಕಿದ ಊರುಗಳಿಗೆ ಬಂದು, ಶಾಲು ಹಾಕಿಸಿಕೊಳ್ಳುವ ಮೊದಲು, ನಾನು ಯಾಕೆ ಹೋಗುತ್ತಿದ್ದೇನೆ, ಅಲ್ಲಿದ್ದಾಗ ಇಂಥವರ ಬಗ್ಗೆ ಆಡಿದ ಈ ಮಾತು ಸುಳ್ಳಾಗಿತ್ತು, ಈ ಮಾತು ನಿಜವಾಗಿತ್ತು ಎಂದು ಹೇಳಲಿ. ನನ್ನ ಪರವಾಗಿ ಜಗಳ ಮಾಡಿಕೊಂಡವರು ಇನ್ನು ಒಂದಾಗಿರಿ ಎಂದು ಇಬ್ಬರ ಕೈಯನ್ನೂ ಅವರೇ ಹಿಡಿಸಲಿ. ಸ್ಪೀಕರ್ ಒಮ್ಮೆ ಚಿಂಚೋಳಿಯ ಮತದಾರರನ್ನು ಕೇಳಿದ್ದು ವಿಧಾನಸೌಧದಲ್ಲಿ. ಅದು ಊರಿನ ಕಟ್ಟೆಯಲ್ಲಿ, ನಾಯಕರ ಸಮ್ಮುಖದಲ್ಲೇ ನಡೆಯಬೇಕು.

ಕಮಲಾಪುರದವರಿಗೆ ಹೀಗೆ ಕೇಳುವ ಅವಕಾಶ ಇನ್ನೂ ಕಡಿಮೆ. ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಸಲ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ, ಅವಧಿ ಮುಗಿದದ್ದು 2021ರಲ್ಲಿ. ಕಮಲಾಪುರ ತಾಲ್ಲೂಕಾದದ್ದು 2018ರಲ್ಲಿ. ತಾಲ್ಲೂಕಾದ ಮೇಲೆ ಅಲ್ಲಿಯ ಜನ ತಮ್ಮ ತಾಲ್ಲೂಕು ಪಂಚಾಯಿತಿಗೆಂದು ಒಮ್ಮೆಯೂ ಮತ ಹಾಕಿಲ್ಲ. ನಿತ್ಯ ಬಸ್‌ಸ್ಟ್ಯಾಂಡಿನಲ್ಲಿ ಎದುರಾಗುವ, ಹೆಸರು ಹಿಡಿದು ಕೂಗಿ ನಿಲ್ಲಿಸಬಹುದಾದ ಅಭ್ಯರ್ಥಿ ಸಿಗುವುದು ಆ ಚುನಾವಣೆಯಲ್ಲಿ. ಮೊದಲು ಅದು ನಡೆಯಲಿ. ಆಗ ಟಿಕೆಟ್ ಕೇಳಿಕೊಂಡು ಬರುವವನಿಗೆ ಕಮಲಾಪುರದವರು, ‘ಹೋದ ಸಲ ಯಾ ಪಕ್ಷದಾಗ ಇದ್ದಿ ತಮ್ಮಾ, ಆಗ ಏನಂದಿದ್ದಿ, ಈಗ ಏನಂತಿ’ ಎಂದು ಮುಖ ನೋಡಿ ಕೇಳಬಹುದು.